ಹಸಿರು ದೀಪ

ನಮ್ಮ ವಸ್ತಾರೆ ಕಡೆ ಮಳೆಮಾಪಕ ಇಲ್ಲದ ಕಾಫಿ ತೋಟ ಸಿಗುವುದು ಕಷ್ಟ. ಬೆಳಿಗ್ಗೆ ಅಳೆದು ಪುಸ್ತಕದಲ್ಲಿ ಬರೆದಿಟ್ಟರೇ ಸಮಾಧಾನ. ಇಂಚನ್ನು ನೂರು ಪಾಲು ಮಾಡಿ ‘ಸೆಂಟ್ಸ್’ ಎನ್ನುವುದು ಇಲ್ಲಿನ ಲೆಕ್ಕ. ಹೂಮಳೆ ಬಿದ್ದ ದಿನ ನೆಂಟರಿಗೆ ಫೋನು ಮಾಡಿದರೆ ಯೋಗಕ್ಷೇಮಕ್ಕಿಂತ ಮುಂಚೆ ‘ನಿಮ್ಮಲ್ಲಿ ಎಷ್ಟು ಸೆಂಟ್ಸ್?’ ಎಂಬ ಪ್ರಶ್ನೆಯೇ. ಈಗಂತೂ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರಗಳು ಗ್ರಾಮ ಪಂಚಾಯಿತಿಗಳಲ್ಲಿ ನಿಂತು 15 ನಿಮಿಷಕ್ಕೊಮ್ಮೆ ಮಳೆಯ ಲೆಕ್ಕವನ್ನು ಬೆಂಗಳೂರಿಗೆ ಕಳಿಸುತ್ತವೆ.

ಇಂಥ ಅಳತೆಗೆ ಸಿಗದ ಶತ್ರುವೊಂದು ತೋಟದಲ್ಲಿದೆ, ಬಿಳಿ ಕಾಂಡಕೊರಕ. ಅರೇಬಿಕಾ ಗಿಡದ ತೊಗಟೆಯ ಸಂದಿನಲ್ಲಿ ಜೀರುಂಡೆ ಮೊಟ್ಟೆಯಿಡುತ್ತದೆ, ಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಗಿಡ ನೋಡಿದರೆ ಹಸಿರಾಗೇ ಇರುತ್ತದೆ. ಎಲೆ ಹಳದಿಯಾಗುವ ಹೊತ್ತಿಗೆ ತಡವಾಗಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲೂ, ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಜೀರುಂಡೆ ಹೊರಬರುತ್ತದೆ. ಅದಕ್ಕೆ ಮೊದಲೇ ಒಂದೊಂದು ಗಿಡದ ಬುಡಕ್ಕೂ ಬಗ್ಗಿ, ಕಾಂಡದ ಮೇಲೆ ಉಬ್ಬಿದ ಏಣುಗಳನ್ನು ಹುಡುಕಬೇಕು. ತೋಟದವರು ಇದನ್ನು ‘ಟ್ರೇಸಿಂಗ್’ ಎನ್ನುತ್ತಾರೆ.

ಅದೇ ಮಾತನ್ನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ತಂಗಿಯ ಮಗಳ ಬಾಯಲ್ಲೂ ಕೇಳಿ ಬೆರಗಾದೆ. ನಾವು ಮೊಬೈಲಿನಲ್ಲಿ ದುಡ್ಡು ಕಳಿಸಿದ ಕ್ಷಣದಲ್ಲೇ ಆ ಕೋರಿಕೆ ಎಷ್ಟೋ ಕಂಪ್ಯೂಟರುಗಳ ಕೈ ದಾಟುತ್ತದಂತೆ. ಎಲ್ಲಿ ತಡವಾಯಿತು, ಎಲ್ಲಿ ನಿಂತಿತು ಎಂದು ಜಾಡು ಹಿಡಿಯುವುದು ಅವರ ಟ್ರೇಸಿಂಗ್. ಮಾನಿಟರಿಂಗ್ ಎಂದರೆ ಮೊದಲೇ ಗೊತ್ತು ಮಾಡಿದ ಪ್ರಶ್ನೆಗಳನ್ನೇ ಮತ್ತೆ ಮತ್ತೆ ಕೇಳುವುದು. ಮಿತಿ ಮೀರಿದರೆ ನಡುರಾತ್ರಿ ಎರಡು ಗಂಟೆಗೂ ಅವಳ ಫೋನು ಬಡಿದುಕೊಳ್ಳುತ್ತದೆ. (ಮದುವೆಯ ಮಾತೆತ್ತಿದರೆ ಅವಳು ಮೊದಲು ಹೇಳುವುದು ಇದನ್ನೇ.) ಅಬ್ಸರ್ವಬಿಲಿಟಿ ಬೇರೆ. ಹೊರಗೆ ಕಾಣುವ ಗುರುತುಗಳಿಂದಲೇ ಒಳಗಿನ ಸ್ಥಿತಿಯನ್ನು ತಿಳಿಯಲು ಬರಬೇಕು, ಯಾರೂ ಊಹಿಸದ ತೊಂದರೆಯನ್ನೂ ಹಾಗೆ ಕೇಳಿ ತಿಳಿಯುವಂತಿರಬೇಕು. ಈ ವಿಚಾರವನ್ನು 1960ರಲ್ಲಿ ನಿಯಂತ್ರಣ ಶಾಸ್ತ್ರಕ್ಕೆ ತಂದವರು ಹಂಗೇರಿ ಮೂಲದ ರುಡಾಲ್ಫ್ ಕಾಲ್ಮನ್. “ದೀಪ ಎಲ್ಲಾ ಹಸಿರಾಗೇ ಇರುತ್ತೆ ದೊಡ್ಡಮ್ಮ, ಆದ್ರೂ ಜನರ ದುಡ್ಡು ಹೋಗ್ತಿರಲ್ಲ. ಆಗ ನೋಡ್ಬೇಕು ನಮ್ಮ ಪಾಡು” ಎಂದಳು.

ಹಸಿರು ದೀಪದ ವಿಷಯ ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊತ್ತಿಗೆ ಸರಿಯಾಗಿ ತಿಂಡಿ, ಮಡಿಚಿಟ್ಟ ಬಟ್ಟೆ, ಕೇಳಿದವರಿಗೆ ‘ಚೆನ್ನಾಗಿದ್ದೀನಿ’. ನನ್ನ ತರಗತಿಯಲ್ಲೂ ಒಬ್ಬಳಿದ್ದಳು. ಹಾಜರಿ ಪೂರ್ತಿ, ಅಂಕಗಳಿಗೂ ಕೊರತೆಯಿಲ್ಲ. ಆದರೆ ಊಟದ ಬೆಲ್ಲಾದರೆ ಯಾರ ಜೊತೆಗೂ ಕೂರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅದಕ್ಕೆ ಕಲಂ ಇಲ್ಲ.

ಹಾಗಾದರೆ ಇನ್ನಷ್ಟು ಕಲಂ ಎಳೆಯೋಣವೇ? ಇಲ್ಲಿ ನನಗೆ ಅನುಮಾನ. ಯಂತ್ರ ತನ್ನ ಒಳಗನ್ನು ತೋರಲೇಬೇಕು, ಹಾಗೆ ಕಟ್ಟುವುದು ಕಟ್ಟಿದವರ ಕರ್ತವ್ಯ. ಹುಡುಗಿಗೆ ಅಂಥ ಕರ್ತವ್ಯವೇನಿದೆ? ಮಗಳು ಎಲ್ಲಿದ್ದಾಳೆಂದು ಮೊಬೈಲಿನಲ್ಲಿ ಚುಕ್ಕೆ ನೋಡುವ ತಾಯಂದಿರಿದ್ದಾರೆ. ಚುಕ್ಕೆ ಜಾಗವನ್ನು ಹೇಳುತ್ತದೆ, ಅಷ್ಟೇ. ಗಿಡಕ್ಕೆ ನಟಿಸಲು ಬರುವುದಿಲ್ಲ. ಕಾವಲಿದೆಯೆಂದು ತಿಳಿದ ಹುಡುಗಿ ಹಸಿರು ದೀಪ ಹಚ್ಚಿಡುವುದನ್ನು ಬಹಳ ಬೇಗ ಕಲಿಯುತ್ತಾಳೆ. ಇನ್ನೊಂದು ಮಾತು. ಕೊರಕ ಹಿಡಿದ ಗಿಡವನ್ನು ನಾವು ಕಿತ್ತು ಸುಡುತ್ತೇವೆ. ಒಳಗಿನದನ್ನು ಹೇಳಿದರೆ ತನಗೇನು ಕಾದಿದೆ ಎಂಬ ಲೆಕ್ಕ ಹುಡುಗಿಗೂ ಇರುತ್ತದಲ್ಲ, ಶಾಲೆ ಬಿಡಿಸುತ್ತಾರೋ, ಗಂಡು ನೋಡುತ್ತಾರೋ!

ನಾನು ನನ್ನ ಡಬ್ಬಿ ತೆಗೆದುಕೊಂಡು ಅವಳ ಪಕ್ಕ ಹೋಗಿ ಕೂರತೊಡಗಿದೆ. ಏನನ್ನೂ ಕೇಳಲಿಲ್ಲ. ಒಂದು ವಾರ ಬರೀ ಕಳಲೆ ಪಲ್ಯದ ಮಾತೇ ಆಯಿತು.