ಖೋ ಖೋ ಆಟವೂ ಶೀಲಶಿಕ್ಷಣವೂ

ಆಟದಿಂದ ಬಾಲಕ ಬಾಲಿಕೆಯರಿಗೆ ಶೀಲವು ಬರುವುದೆಂದು ಲೋಕದಲ್ಲಿ ಹೇಳುವುದುಂಟು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕ್ರೀಡೆಯನ್ನು ಪಾಠದೊಡನೆ ಬೆಸೆದು ಸಹಕಾರ, ಸ್ವಯಂಶಿಸ್ತು, ಹೊಣೆಗಾರಿಕೆ ಮೊದಲಾದ ಗುಣಗಳನ್ನು ಬೆಳೆಯಿಸಬೇಕೆನ್ನುತ್ತದೆ. ಉದ್ದೇಶವು ಶ್ಲಾಘ್ಯವೇ. ಆದರೆ ಆಡಿದ ಮಾತ್ರಕ್ಕೆ ಗುಣವು ಬರುವುದಾದರೆ, ಪಗಡೆಯಲ್ಲಿ ನಿಪುಣನಾದ ಶಕುನಿಯು ಮಹಾತ್ಮನಾಗಬೇಕಾಗಿತ್ತು!

ಖೋ ಖೋ ಆಟವನ್ನೇ ವಿಚಾರಿಸಬಹುದು. 8 ಮಂದಿ ಒಬ್ಬರು ಬಿಟ್ಟೊಬ್ಬರು ಬೇರೆ ಬೇರೆ ದಿಕ್ಕಿಗೆ ಮುಖಮಾಡಿ ಸಾಲಾಗಿ ಕುಳಿತಿರುವರು, 9ನೆಯವನು ಬೆನ್ನಟ್ಟುವನು. ಓಡುವವನು ಸಾಲಿನ ನಡುವೆ ನುಸುಳಿ ಆಚೆಗೆ ಹೋಗಬಹುದು, ಬೆನ್ನಟ್ಟುವವನು ಹೋಗಕೂಡದು. ಕಂಬದವರೆಗೆ ಹಿಡಿದ ದಿಕ್ಕನ್ನು ತಿರುಗಿಸಲೂ ಕೂಡದು. ಕೈಗೆ ಸಿಕ್ಕುವಂತಿದ್ದ ಎದುರಾಳಿಯು ಆಚೆಗೆ ಜಾರಿದೊಡನೆ, ಕುಳಿತವನ ಬೆನ್ನು ಮುಟ್ಟಿ ‘ಖೋ’ ಎಂದು, ತಾನು ಅವನ ಸ್ಥಾನದಲ್ಲಿ ಕುಳಿತುಕೊಳ್ಳಬೇಕು. ಕೈಯಳತೆಯಲ್ಲಿದ್ದ ಜಯವನ್ನು ಮತ್ತೊಬ್ಬನಿಗೆ ಬಿಟ್ಟುಕೊಡುವ, ವಯೋವೃದ್ಧರಿಗೂ ದುಷ್ಕರವಾದ ಈ ತ್ಯಾಗವನ್ನು ಹುಡುಗನು ಕ್ಷಣಾರ್ಧದಲ್ಲಿ ಮಾಡುವನು. (ಅಧಿಕಾರದ ಕುರ್ಚಿಯನ್ನು ಬಿಡಲೊಲ್ಲದವರು ಬಾಲ್ಯದಲ್ಲಿ ಇದನ್ನು ಆಡಿದ್ದರೆ ಎಷ್ಟು ಲೇಸಾಗುತ್ತಿತ್ತು!) ಕುಳಿತವನ ತಪಸ್ಸಾದರೋ ಇನ್ನೂ ಕಠಿನ. ಬೆನ್ನಿಗೆ ಕೈ ತಾಗಿ ಶಬ್ದವು ಕಿವಿಗೆ ಬೀಳುವವರೆಗೆ ಅವನು ಏಳಕೂಡದು.

ಧರ್ಮಸಂಕಟವು ಇಲ್ಲಿಯೇ. ಖೋ ಬೀಳುವ ಮೊದಲೇ ಒಬ್ಬನು ಎದ್ದನೆನ್ನೋಣ. ತೀರ್ಪುಗಾರನು ಕಾಣಲಿಲ್ಲ, ಎದುರಾಳಿಯು ಔಟಾದನು, ಕಂಡವರು ಹೊರಗೆ ನಿಂತ ಉಪಾಧ್ಯಾಯರೊಬ್ಬರೇ. ಪಂದ್ಯವನ್ನು ಗೆದ್ದರೆ ಶಾಲೆಗೆ ಢಾಲು. ಅವರು ಸುಮ್ಮನಿದ್ದರೆ, ಯಾರೂ ಕಾಣದ ತಪ್ಪು ತಪ್ಪಲ್ಲವೆಂಬ ಪಾಠವನ್ನು ಹುಡುಗನು ಆ ದಿನ ಚೆನ್ನಾಗಿಯೇ ಕಲಿಯುವನು. ತೀರ್ಪು ಕೊಡುವುದು ಉಪಾಧ್ಯಾಯರ ಕೆಲಸವಲ್ಲವೆಂದು ಕೆಲವರು ವಾದಿಸುವರು. ನಿಯಮದ ದೃಷ್ಟಿಯಿಂದ ವಾದವು ಸರಿಯೇ. ಹುಡುಗನ ಹೊಣೆಯಂತೂ ಅವರದು. ತಪ್ಪನ್ನು ಅವನು ತಾನಾಗಿಯೇ ತೀರ್ಪುಗಾರನಿಗೆ ತಿಳಿಸುವಂತೆ ಅವರು ಮಾಡಬೇಕು. ಅದರಿಂದ ಪಂದ್ಯವು ಸೋತೀತು, ಮುಖ್ಯೋಪಾಧ್ಯಾಯರ ಮುಖವು ಬಾಡೀತು, ಜೊತೆಯವರು ವಾರಗಟ್ಟಲೆ ಮೂದಲಿಸಿಯಾರು. ಆಗ ಉಪಾಧ್ಯಾಯರು ಅವನ ಪಕ್ಕದಲ್ಲಿ ನಿಲ್ಲದೆ ಹೋದರೆ, ಸತ್ಯವನ್ನು ನುಡಿದುದಕ್ಕೆ ದೊರೆತ ಫಲವನ್ನು ಆ ಬಾಲಕನು ಎಂದಿಗೂ ಮರೆಯಲಾರನು.

ಇನ್ನೊಂದು ಮಾತು. ತಂಡಕ್ಕೆ ಬೇಕಾದವರು 12 ಮಂದಿ. ಶಾಲೆಯಲ್ಲಿರುವವರು ನೂರಾರು ಮಂದಿ. ಚುರುಕಾದವರನ್ನು ಆರಿಸಿ ಉಳಿದವರನ್ನು ಚಪ್ಪಾಳೆಗೆ ಕೂಡಿಸುವುದು ಎಲ್ಲೆಡೆಯ ವಾಡಿಕೆ. ಗುಣಕ್ಕಾಗಿ ಆಟವೆನ್ನುವುದು ನಿಜವಾದರೆ, ನಿಧಾನವಾಗಿ ಓಡುವವನಿಗೂ ಆ ಸಾಲಿನಲ್ಲಿ ಸ್ಥಾನವಿರಬೇಕು. ಎರಡು ಕಂಬ, ನಾಲ್ಕು ಗೆರೆ, ಸಮನಾದ ನೆಲ, ಇಷ್ಟರಲ್ಲೇ ನಡೆಯುವ ಆಟಕ್ಕೆ ಬಡತನದ ನೆಪವೂ ನಿಲ್ಲದು.