ನೀರು ಕಾಯಿಸುವವಳ ರಜೆ

ಹುಕ್ಕೇರಿ ಸೀಮೆಯ ಕಣಗಲಾದಂಥ ಊರಿನವರೂ ಈಗ ರಜೆ ಕಳೆಯಲು ಹಳ್ಳಿಗಾಡಿನ ಕಾಟೇಜು ಹುಡುಕುತ್ತಾರೆ. ಒಂದು ಕಡೆ ಹೆದ್ದಾರಿ, ಎಚ್‌ಎಲ್‌ಎಲ್ ಕಾರ್ಖಾನೆಯ ಪಾಳಿ. ಉಳಿದ ಕಡೆಯೆಲ್ಲ ಕಬ್ಬು, ತಂಬಾಕು, ಹಿತ್ತಲಲ್ಲಿ ಎಮ್ಮೆ. ಹಳ್ಳಿಯಲ್ಲೇ ಬಾಳುವವರಿಗೆ ಹಳ್ಳಿಯ ರಜೆಯೇ ಎಂದು ನಗುವುದು ಸುಲಭ. ಆದರೆ ಸಂಕೇಶ್ವರ, ಗಡಹಿಂಗ್ಲಜ, ಆಜರಾ ದಾಟಿ ಆಂಬೋಲಿಗೆ ಹೋಗಲಿ, ದಾಂಡೇಲಿಗೋ ಚಿಕ್ಕಮಗಳೂರಿಗೋ ಹೋಗಲಿ, ಫೋನಿನಲ್ಲಿ ಅವರು ಮೊದಲು ಕೇಳುವ ಮಾತನ್ನು ಗಮನಿಸೋಣ. "ಬಿಸಿನೀರಿನ ಟಬ್ ಐತೇನ್ರಿ? ಅದು ನಮ್ಮ ಖೋಲಿಗಷ್ಟಽ ಏನ್ರಿ? ಮತ್ತ ಯಾರೂ ಬರೂದಿಲ್ಲಲ್ರಿ?" ಕಾಡು, ಮಂಜು, ಜಲಪಾತಗಳೆಲ್ಲ ಆಮೇಲಿನ ಮಾತು. ಮನೆಯಲ್ಲಿ ಬಚ್ಚಲಿಲ್ಲವೇ? ಗುಂಡಿ ಒತ್ತಿದರೆ ಗೀಜರಿನಿಂದ ಬಿಸಿನೀರು ಇಳಿಯುವುದಿಲ್ಲವೇ? ಇಷ್ಟಿದ್ದೂ ಬಿಸಿನೀರಿಗಾಗಿ ಘಟ್ಟದವರೆಗೆ ಹೋಗುವ ಮನಸ್ಸು ನಿಜಕ್ಕೂ ಏನನ್ನು ಬೇಡುತ್ತಿದೆ?

ಉತ್ತರ ಹುಡುಕಲು ನಮ್ಮ ಹಳೆಯ ಬಚ್ಚಲಿಗೇ ಹೋಗಬೇಕು. ಹಂಡೆಯೋ ತಾಮ್ರದ ಬಂಬವೋ, ಅದಕ್ಕೆ ಬೆಂಕಿ ಹಾಕುವವಳು ನಸುಕಿನಲ್ಲೇ ಏಳುತ್ತಿದ್ದಳು. ಕುಳ್ಳು, ಹತ್ತಿಕಟ್ಟಿಗೆ, ಕಬ್ಬಿನ ರವದಿ, ಕೈಗೆ ಸಿಕ್ಕಿದ್ದನ್ನು ಒಟ್ಟಿ, ಊದಿ, ಕಣ್ಣು ಕೆಂಪಾಗಿಸಿಕೊಂಡು ನೀರು ಕಾಯಿಸುತ್ತಿದ್ದಳು. ಆಮೇಲೆ ಸ್ನಾನಕ್ಕೊಂದು ಸರದಿ. ಮೊದಲು ಪೂಜೆಗೆ ಕೂರುವ ಹಿರಿಯರು, ಅನಂತರ ಕೆಲಸಕ್ಕೆ ಹೊರಡುವ ಗಂಡಸರು, ಸಾಲಿಗೆ ಓಡುವ ಮಕ್ಕಳು. ಬೆಂಕಿ ಹಾಕಿದವಳ ಸರದಿ ಬರುವಷ್ಟರಲ್ಲಿ ಕೆಂಡ ಬೂದಿಯಾಗಿ, ನೀರು ಉಗುರುಬೆಚ್ಚಗೂ ಉಳಿದಿರುತ್ತಿರಲಿಲ್ಲ. ಇದನ್ನು ಯಾರೂ ಅನ್ಯಾಯವೆನ್ನಲಿಲ್ಲ, ಅವಳೂ ಎನ್ನಲಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಹಂಡೆ ತಿಕ್ಕಿ ಬೆಳಗಿ, ಸಿಂಗರಿಸಿ, ನೀರು ತುಂಬುವವಳು ಅವಳೇ. ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿ ಎರೆಯುವವಳು ಅವಳೇ, ಎರಕೊಂಡು ಬಂದವರಿಗೆ ಆರತಿ ಎತ್ತುವವಳೂ ಅವಳೇ. ಬಿಸಿನೀರಿಗೇ ಮೀಸಲಾದ ಹಬ್ಬವೊಂದನ್ನು ಕಟ್ಟಿಕೊಂಡ ನಾವು, ಅಂದು ಅವಳ ಬೆನ್ನಿಗೆ ನೀರು ಹಾಕುವವರು ಯಾರೆಂದು ಎಂದಾದರೂ ಕೇಳಿಕೊಂಡೆವೇ?

ಹಾಕುವವರು ಇದ್ದರು, ಬೇರೆ ಊರಲ್ಲಿ. ಬಾಣಂತನಕ್ಕೆ ತವರಿಗೆ ಬಂದವಳಿಗೆ ತಾಯಿ ಕೊಡಗಟ್ಟಲೆ ಬಿಸಿನೀರು ಎರೆದು, ಮೈ ಕಾಯಿಸಿ, ಕೌದಿ ಹೊದಿಸಿ ಮಲಗಿಸುತ್ತಿದ್ದಳು. ಇನ್ನು ಶ್ರಾವಣದ ಪಂಚಮಿ. ಅಣ್ಣನೋ ತಮ್ಮನೋ ಕರೆಯಲು ಬರುತ್ತಿದ್ದ. ಉಂಡಿ, ಜೋಕಾಲಿ, ಗೆಳತಿಯರು ಎಂದು ನಾವು ಪಂಚಮಿಯನ್ನು ನೆನೆಯುತ್ತೇವೆ, ಅದು ಸುಳ್ಳೂ ಅಲ್ಲ. ಆದರೆ ಆ ಹಬ್ಬದ ಆಳದ ಸುಖ ತಡವಾಗಿ ಏಳುವುದರಲ್ಲಿತ್ತು; ಎದ್ದಾಗ ಬೇರೆ ಯಾರೋ ಬೆಂಕಿ ಹಾಕಿ ನೀರು ಕಾಯಿಸಿಟ್ಟಿರುತ್ತಿದ್ದರು. ನಮ್ಮ ಸೀಮೆ ತನ್ನ ಹೆಣ್ಣುಮಕ್ಕಳಿಗೆ ಮನಸಾರೆ ಕೊಟ್ಟ ರಜೆ ಅದೊಂದೇ ಇರಬೇಕು. ಇಂದು ಆ ತವರು ಕಿರಿದಾಗಿದೆ. ತಾಯಿಗೆ ಮೊಣಕಾಲು ನೋವು. ಅಣ್ಣ ಪುಣೆಯಲ್ಲೋ ಕೊಲ್ಹಾಪುರದಲ್ಲೋ ಎರಡು ಖೋಲಿಯ ಫ್ಲಾಟಿನಲ್ಲಿದ್ದಾನೆ, ಅತ್ತಿಗೆಗೂ ನೌಕರಿ. ಪಂಚಮಿಗೆ ಹೋದವಳು ಅಲ್ಲೂ ಬೆಳಿಗ್ಗೆ ಎದ್ದು ಗ್ಯಾಸು ಹಚ್ಚಬೇಕು. ಹಾಗೆ ತೆರವಾದ ಜಾಗದಲ್ಲಿ ಕಾಟೇಜು ಬಂದು ನಿಂತಿದೆ. ಬಾಡಿಗೆಗೆ ಸಿಗುವ ತವರು ಅದು. ಎರಡು ದಿನ, ಒಂದು ರಾತ್ರಿ, ಮುಂಗಡ ಸಹಿತ.

'ನಮ್ಮಷ್ಟಕ್ಕೇ' ಎಂಬ ಬೇಡಿಕೆಯನ್ನೂ ಈ ಬೆಳಕಿನಲ್ಲೇ ನೋಡಬೇಕು. ಹಿರಿಯರಾದ ನಮಗೆ ಅದರಲ್ಲಿ ಸ್ವಾರ್ಥ ಬೇಗ ಕಾಣುತ್ತದೆ. ಭೂಮಿಯೇ ಕಾಯಿಸಿದ ನೀರಿಗೆ ಬೀಗವಿಲ್ಲ ಎಂದು ಪುತ್ತೂರಿನ ಕಡೆಯ ಬೆಂದ್ರು ತೀರ್ಥವನ್ನೋ ಕೊಂಕಣದ ರಾಜಾಪುರದ ಬಿಸಿನೀರಿನ ಬುಗ್ಗೆಯನ್ನೋ ತೋರಿಸಿ ವಾದಿಸಲೂಬಹುದು. ಆದರೆ ಎಂಟು ಹತ್ತು ಮಂದಿಯ ಮನೆಯಲ್ಲಿ ಸೊಸೆಯಾಗಿ ಬಾಳಿದವಳಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು ಎಷ್ಟಿದ್ದವು? ಬಚ್ಚಲಿನದೊಂದೇ. ಅತ್ತದ್ದೂ ಅಲ್ಲೇ, ಮೆಲ್ಲಗೆ ಹಾಡಿಕೊಂಡದ್ದೂ ಅಲ್ಲೇ, ಅದೂ "ಎಷ್ಟೊತ್ತಽ ಇನ್ನ?" ಎಂಬ ಕೂಗು ಬರುವ ತನಕ ಮಾತ್ರ. ಗಂಡಹೆಂಡತಿ ಲೋಕದ ಕಿವಿ ತಪ್ಪಿಸಿ ನಾಲ್ಕು ಮಾತಾಡಬೇಕೆಂದರೆ ಹೊಲದ ಬದುವಿಗೇ ಹೋಗಬೇಕಿತ್ತು. ಆ ಕೂಗಿಲ್ಲದ ಒಂದು ತಾಸನ್ನು ಅವಳು ದುಡ್ಡು ಕೊಟ್ಟು ಪಡೆದರೆ, ಅದನ್ನು ಐಷಾರಾಮ ಎನ್ನಲು ನಮಗೆ ಬಾಯಿ ಬರಬಾರದು.

ಈ ತೊಟ್ಟಿಯೂ ಹುಟ್ಟಿನಿಂದ ವಿಲಾಸದ ವಸ್ತುವಲ್ಲ. ಇದಕ್ಕೆ ಅಂಟಿಕೊಂಡ ಜಕೂಜಿ ಎಂಬುದು ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋದ ಅಣ್ಣತಮ್ಮಂದಿರ ಮನೆತನದ ಹೆಸರು. ಕ್ಯಾಲಿಫೋರ್ನಿಯಾದಲ್ಲಿ ಅವರು ಮೊದಲು ವಿಮಾನದ ಪ್ರೊಪೆಲ್ಲರ್ ಮಾಡಿದರು, ಆಮೇಲೆ ರೈತರ ಬಾವಿಗಳಿಂದ ನೀರೆತ್ತುವ ಪಂಪು ಮಾಡಿದರು. ಅವರಲ್ಲೊಬ್ಬನಾದ ಕ್ಯಾಂಡಿಡೊ ಜಕೂಜಿಯ ಮಗ ಕೆನೆತ್‌ಗೆ ಎಳೆತನದಲ್ಲೇ ಸಂಧಿವಾತ. ಆಸ್ಪತ್ರೆಯ ನೀರಿನ ಚಿಕಿತ್ಸೆಯಲ್ಲಿ ಮಗುವಿನ ನೋವು ತಗ್ಗುವುದನ್ನು ಕಂಡ ತಂದೆ 1940ರ ದಶಕದ ಕೊನೆಯಲ್ಲಿ, ಮನೆಯ ಸ್ನಾನದ ತೊಟ್ಟಿಗೇ ಇಳಿಬಿಡಬಹುದಾದ ಪಂಪೊಂದನ್ನು ರೂಪಿಸಿದ. 1956ರಲ್ಲಿ ಅದು ಮಾರುಕಟ್ಟೆಗೆ ಬಂತು. 1968ರಲ್ಲಿ ಅದೇ ಮನೆತನದ ರಾಯ್ ಜಕೂಜಿ ಪಂಪನ್ನೂ ತೊಟ್ಟಿಯನ್ನೂ ಒಂದಾಗಿಸಿದ ಮೇಲೆ ರಿಸಾರ್ಟುಗಳ ದಾರಿ ತೆರೆಯಿತು. ಬಾವಿಯ ಪಂಪು ಮಾಡಿ ಬದುಕಿದ ಆ ಅಪ್ಪ ಮಗನಿಗಾಗಿ ಮಾಡಿದ್ದು, ನಮ್ಮ ಅವ್ವಂದಿರು ಬರಿಯ ತಂಬಿಗೆಯಿಂದ ಮಾಡುತ್ತಿದ್ದುದನ್ನೇ ಅಲ್ಲವೇ? ಈಗ ಯಂತ್ರ ಉಳಿದಿದೆ, ನೀರು ಸುಳಿಸುಳಿಯಾಗಿ ಬೆನ್ನಿಗೆ ಬಡಿಯುತ್ತದೆ. ಆ ಬಡಿತದ ಹಿಂದೆ ಒಂದು ಕೈ ಇದ್ದೀತು ಎಂಬ ಆಸೆಯಿಂದಲೇ ನಾವು ಅದರಲ್ಲಿ ಇಳಿಯುತ್ತೇವೆಯೋ ಏನೋ.

ಇಷ್ಟು ಒಪ್ಪಿದ ಮೇಲೆ ನೀರಿನ ಲೆಕ್ಕವನ್ನು ಮರೆಯಲಾಗದು. ನಾಲ್ವರು ಕೂರುವ ತೊಟ್ಟಿಗೆ 1,000ದಿಂದ 1,500 ಲೀಟರ್ ಬೇಕು. ಜಲಜೀವನ ಮಿಷನ್ ಹಳ್ಳಿಯ ಮನೆಗಳಿಗೆ ಗೊತ್ತುಮಾಡಿದ್ದು ದಿನಕ್ಕೆ ತಲೆಗೆ 55 ಲೀಟರ್. 1,200 ಲೀಟರಿನ ತೊಟ್ಟಿ ಒಮ್ಮೆ ತುಂಬಿತೆಂದರೆ ಇಪ್ಪತ್ತಕ್ಕೂ ಹೆಚ್ಚು ಜನರ ಒಂದು ದಿನದ ನೀರು. ಅದನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಲು ಸುಮಾರು 28 ಯುನಿಟ್ ವಿದ್ಯುತ್ತು. ಮಳೆ ಹೊಯ್ಯುವ ಘಟ್ಟದಲ್ಲಿ ಈ ಲೆಕ್ಕ ಅಷ್ಟು ಚುಚ್ಚುವುದಿಲ್ಲ. ಏಪ್ರಿಲ್ ತಿಂಗಳ ಹುಕ್ಕೇರಿ ಸೀಮೆಯಲ್ಲಿ ಚುಚ್ಚಬೇಕು. ಇಲ್ಲಿನ ನೀರು ಹೇಗೆ ಬಂದದ್ದು? ಹಿಡಕಲ್ ಅಣೆಕಟ್ಟಿನಲ್ಲಿ 51 ಟಿಎಂಸಿ ನೀರು ನಿಲ್ಲಿಸಲು ಒಕ್ಕಲುಗಳು ಊರು ಬಿಟ್ಟು ಎದ್ದವು, ಹುನ್ನೂರಿನ ವಿಠ್ಠಲನ ಗುಡಿಯೇ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ಸರಿದ ವರ್ಷ ಗುಡಿ ಮೇಲೆ ಕಾಣುತ್ತದೆ, ನಾವು ಸಂಭ್ರಮದಿಂದ ನೋಡಲು ಹೋಗುತ್ತೇವೆ. ಅದು ಮೇಲೆ ಬಂದಿತೆಂದರೆ ಗೋಕಾಕ, ಮೂಡಲಗಿಯ ಕಾಲುವೆಗಳ ಬಾಯಿ ಒಣಗುತ್ತಿದೆ ಎಂದೇ ಅರ್ಥ. ದೇವರೂ ಮನೆ ಬಿಟ್ಟುಕೊಟ್ಟ ನೀರಿನಲ್ಲಿ ಬೇಸಿಗೆಯ ತೊಟ್ಟಿ ತುಂಬಿಸಲು ನಮಗೆ ಮನಸ್ಸು ಬಂದೀತೇ? ಹೋಗುವುದಾದರೆ ಮಳೆಗಾಲವೇ ಆಗಲಿ, ಆಂಬೋಲಿಯೇ ಆಗಲಿ. ಸಂಕೇಶ್ವರದ ಮಗ್ಗುಲಲ್ಲಿ ಹರಿಯುವ ಹಿರಣ್ಯಕೇಶಿ ಹುಟ್ಟುವುದೂ ಅಲ್ಲೇ. ಹೊಳೆಯ ತವರಿಗೇ ಹೋದಂತಾಯಿತು.

ಹಾಗಾದರೆ ಯೋಜನೆ ಎಲ್ಲಿಂದ ಶುರುವಾಗಬೇಕು? ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕಡೆಗೆ ಸ್ನಾನ ಮಾಡುವವರು ಯಾರು ಎಂಬ ಪ್ರಶ್ನೆಯಿಂದ ಎಂದು ನಮಗನ್ನಿಸುತ್ತದೆ. ಕಾಟೇಜಿನಲ್ಲಿ ಅಡುಗೆಮನೆ ಇದೆ, ನಾವೇ ಮಾಡಿಕೊಂಡರೆ ಖರ್ಚು ಉಳಿಯುತ್ತದೆ ಎಂಬ ಜಾಣತನ ಗಂಡಸರಿಗೆ ಬೇಗ ಹೊಳೆಯುತ್ತದೆ. ಆ ಉಳಿತಾಯ ಯಾರ ರಟ್ಟೆಯಿಂದ? ರೊಟ್ಟಿ ಬಡಿದು, ಭಾಂಡೆ ತಿಕ್ಕಿ, ಮಕ್ಕಳು ಎದ್ದುಹೋದ ಮೇಲೆ ಕಲಕಿದ ತೊಟ್ಟಿಗೆ ಅವಳು ಇಳಿಯುವುದಾದರೆ, ನಾವು ಕಣಗಲಾದ ಬಚ್ಚಲನ್ನೇ ಘಟ್ಟಕ್ಕೆ ಹೊತ್ತುಕೊಂಡು ಹೋದಂತೆ. ಮೊದಲ ಸರದಿ ಅವಳದಾಗಲಿ. ಎದೆಯ ತೊಂದರೆ ಇರುವ ಅಜ್ಜನೂ ಬಸುರಿ ಮಗಳೂ ವೈದ್ಯರನ್ನು ಕೇಳದೆ ಅಷ್ಟು ಬಿಸಿಯಲ್ಲಿ ಕೂರುವುದು ಬೇಡ; ಉಳಿದವರಿಗೂ ಕಾಲು ತಾಸು ಸಾಕು.

ದಿನ ಯಾವುದು? ಪಂಚಮಿಗಿಂತ ಒಳ್ಳೆಯ ಮುಹೂರ್ತ ಉಂಟೇ ಎನ್ನುತ್ತೇವೆ. ಆದರೆ ಅಲ್ಲಿ ಹಾಸಿಗೆ ಹಾಸುವ, ತೊಟ್ಟಿ ತೊಳೆದು ನೀರು ಬಿಡುವ, ನಮ್ಮ ಟವೆಲ್ ಒಗೆಯುವ ಹೆಣ್ಣುಮಗಳಿಗೂ ಒಂದು ತವರಿದೆ. ಘಟ್ಟದ ಆಚೆಯೂ ನಾಗಪಂಚಮಿ ಅದೇ ದಿನ. ಅವಳಣ್ಣ ಕರೆಯಲು ಬಂದಾಗ ಮಾಲೀಕರು ಅವಳನ್ನು ಕಳಿಸುವರೇ? ಖೋಲಿ ಗೊತ್ತುಮಾಡುವಾಗ ಇದನ್ನೂ ಕೇಳೋಣ. ಕಳಿಸುವರಾದರೆ ನಮ್ಮ ಪ್ರಯಾಣವನ್ನು ಒಂದು ವಾರ ಮುಂದೂಡಿದರಾಯಿತು. ಆಂಬೋಲಿಯ ಮಳೆ ಅಷ್ಟರಲ್ಲಿ ನಿಂತುಹೋಗುವುದಿಲ್ಲ.