ಕೈಗುಣ ಎಂದರೆ ಯಾವುದು?

ಶ್ರೀ ಬಿಳಿಗಿರಿರಂಗನ ದರ್ಶನ ಮುಗಿಸಿ ಮೆಟ್ಟಿಲು ಇಳಿಯುವ ಯಾತ್ರಿಕರು "ಈ ಬೆಟ್ಟದ ಗಾಳಿಯಲ್ಲೇ ಔಷಧಿ ಇದೆ" ಅಂತ ಹೇಳುವುದುಂಟು. ಮಾತು ಸುಳ್ಳೇನಲ್ಲ. ನೆಲ್ಲಿ, ಅಳಲೆ, ತಾರೆ ಮೂರೂ ಈ ಕಾಡಿನಲ್ಲಿವೆ. ಮೂರು ಸೇರಿದರೆ ತ್ರಿಫಲ. ಮಾಗಳಿ ಬೇರೂ ಇಲ್ಲಿನದೇ. ಆದರೆ ಗಿಡ ಇದ್ದ ಮಾತ್ರಕ್ಕೆ ಮದ್ದು ಇದ್ದ ಹಾಗಾಯಿತೇ? ಭಕ್ತರು ಸ್ವಲ್ಪ ಕೂತು ಯೋಚಿಸಬೇಕಾದ ಪ್ರಶ್ನೆ ಇದು.

ರಾಮಾಯಣದ ಕಥೆ ಎಲ್ಲರಿಗೂ ಗೊತ್ತು. ಲಕ್ಷ್ಮಣ ಮೂರ್ಛೆ ಹೋದಾಗ ಸುಷೇಣ ಮೂಲಿಕೆ ತರಲು ಹೇಳಿದ. ಹನುಮಂತ ಹಾರಿ ಹೋದ. ಹೋದರೆ ಗುರುತೇ ಸಿಗಲಿಲ್ಲ. ಆಗ ಅವನು ಯಾವುದೋ ಒಂದು ಸೊಪ್ಪು ಕಿತ್ತುಕೊಂಡು ಬಂದು "ಇದೇ ಇರಬೇಕು" ಅನ್ನಲಿಲ್ಲ. ಶಿಖರವನ್ನೇ ಹೊತ್ತು ತಂದು ಬಲ್ಲವನ ಮುಂದೆ ಇಟ್ಟ. ಹನುಮಂತನ ಕೈಯಲ್ಲಿ ಅದು ಬರೀ ಬೆಟ್ಟ. ಸುಷೇಣನ ಕಣ್ಣು ಬಿದ್ದ ಮೇಲೆ ಸಂಜೀವಿನಿ. ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಹನುಮಂತನ ವಿನಯ, ಗುರುತಿಸುವ ಸುಷೇಣನ ವಿವೇಕ, ಈ ಎರಡೂ ಸೇರಿದ್ದರಿಂದ ಲಕ್ಷ್ಮಣ ಎದ್ದು ಕೂತ.

ಚರಕ ಸಂಹಿತೆಯ ಮೊದಲ ಅಧ್ಯಾಯದಲ್ಲೂ ಇದೇ ಅಭಿಪ್ರಾಯ ಇದೆ. ದನ, ಕುರಿ, ಆಡು ಕಾಯುವವರು ಗಿಡದ ಹೆಸರನ್ನೂ ರೂಪವನ್ನೂ ಬಲ್ಲರು. ಆದರೆ ಯಾವ ರೋಗಿಗೆ, ಯಾವ ಹೊತ್ತಿಗೆ, ಎಷ್ಟು ಕೊಡಬೇಕು ಎಂದು ತಿಳಿದವನೇ ವೈದ್ಯ ಎನ್ನುವುದು ಅದರ ಸಾರ.

ನಮ್ಮ ಊರಿನಲ್ಲಿ ಒಬ್ಬ ತಾತ ಕಾಮಾಲೆಗೆ ಮದ್ದು ಕೊಡುತ್ತಿದ್ದರು. ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ. ಅವರ ಕೈಗುಣ ದೊಡ್ಡದು ಅಂತ ದೂರದಿಂದ ಜನ ಬರುತ್ತಿದ್ದರು. ಒಂದು ದಿನ ಒಬ್ಬ ತಾಯಿ ಮಗನನ್ನು ಹೊತ್ತು ತಂದಳು. ಹುಡುಗನ ಕಣ್ಣು ಹಳದಿ, ಮಾತು ತೊದಲು, ಕೂತಲ್ಲೇ ತೂಕಡಿಕೆ. ತಾತ ಮುಟ್ಟಿ ನೋಡಿ, "ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗವ್ವ" ಎಂದರು. ಅವಳು ಕಾಲು ಹಿಡಿದುಕೊಂಡಳು. "ನಿಮ್ಮ ಕೈಗುಣ ನಂಬ್ಕೊಂಡು ಬಂದಿವ್ನಿ ತಾತ." ತಾತ ಹೇಳಿದರು: "ನನ್ನ ಕೈಗುಣ ಇರೋದು ನಂಗೆ ಗೊತ್ತಿರೋದ್ರಲ್ಲಿ ಕಣವ್ವ. ಇದು ನಂಗೆ ಮೀರಿದ್ದು." ಗಾಡಿ ಮಾಡಿಸಿ ಕಳಿಸಿಕೊಟ್ಟರು. ಹುಡುಗ ಉಳಿದ. ಅಂದು ಮದ್ದು ಕೊಡದೆ ಇದ್ದದ್ದೇ ಅವರು ಕೊಟ್ಟ ದೊಡ್ಡ ಮದ್ದು ಎಂದು ನನಗೆ ಈಗ ಅನ್ನಿಸುತ್ತದೆ.

ಯಾಕೆ ಅಂತೀರಾ? ಬಹಳಷ್ಟು ಕಾಮಾಲೆ ವಿಶ್ರಾಂತಿ, ಪಥ್ಯದಿಂದ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮಾತ್ರ ಮದ್ದಿಗೆ ಬರುತ್ತದೆ. ಹಾವಿನ ವಿಷಯವೂ ಹಾಗೇ. ಕಚ್ಚುವ ಹಾವೆಲ್ಲ ವಿಷದ್ದಲ್ಲ. ಆಗ ಯಾವ ಸೊಪ್ಪು ಅರೆದು ಕುಡಿಸಿದರೂ ಗುಣವಾಯಿತು ಅನ್ನಿಸುತ್ತದೆ. ನಾಗರಹಾವೋ ಕೊಳಕುಮಂಡಲವೋ ವಿಷ ಏರಿಸಿದರೆ ಆಸ್ಪತ್ರೆಯ ವಿಷನಿರೋಧಕ ಇಂಜೆಕ್ಷನ್ ಒಂದೇ ದಾರಿ. ಹಾವಿನ ಮದ್ದೆಂದು ಕೆಲವರು ಕೊಡುವ ಈಶ್ವರಿ ಬೇರಿನಲ್ಲಿರುವ ಅಂಶ ಮೂತ್ರಪಿಂಡವನ್ನೇ ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ ಎಂಬುದು ಈಗ ಸಾಬೀತಾಗಿದೆ. ಗಿಡಮೂಲಿಕೆ, ಏನೂ ತೊಂದರೆ ಮಾಡಲ್ಲ ಎನ್ನುವ ಮಾತು ತಪ್ಪು. ಕೆಲಸ ಮಾಡುವ ವಸ್ತು ಕೆಡುಕನ್ನೂ ಮಾಡಬಲ್ಲದು.

ಹಾಗಂತ ನಾಟಿ ಮದ್ದೆಲ್ಲ ಸುಳ್ಳೇ? ಅಲ್ಲ. ನಮ್ಮ ಹಿರಿಯರು ಬಳಸುತ್ತಿದ್ದ ಸರ್ಪಗಂಧ ರಕ್ತದೊತ್ತಡ ಇಳಿಸುತ್ತದೆ ಎಂದು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅವರು 1949ರಲ್ಲಿ ವೈದ್ಯಲೋಕಕ್ಕೆ ತೋರಿಸಿಕೊಟ್ಟರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಲೋಕಕ್ಕೆ ಉಪಕಾರವಾಯಿತು. ಆದರೆ ಬೇಡಿಕೆ ಹೆಚ್ಚಿ, ಬೇರಿಗಾಗಿ ಕಿತ್ತೂ ಕಿತ್ತೂ ಕಾಡಿನ ಸರ್ಪಗಂಧ ಅಪರೂಪವಾಯಿತು. ಎಲೆ, ಕಾಯಿ ಕೊಯ್ದರೆ ಗಿಡ ಉಳಿಯುತ್ತದೆ. ಬೇರು ಕಿತ್ತರೆ ಗಿಡವೇ ಹೋಗುತ್ತದೆ. ಒಬ್ಬನ ಕಾಯಿಲೆ ವಾಸಿ ಮಾಡಲು ನಾಳೆಯವನ ಮದ್ದನ್ನು ಕಸಿಯಬಹುದೇ? ಇದೂ ಧರ್ಮದ ಪ್ರಶ್ನೆಯೇ.

ಇದಕ್ಕೆ ಉತ್ತರ ಈ ಬೆಟ್ಟದಲ್ಲೇ ಇದೆ. ರಂಗನು ಕುಸುಮಾಲೆಯನ್ನು ವರಿಸಿದ ಕಾರಣ ಸೋಲಿಗರು ಸ್ವಾಮಿಯನ್ನು "ಭಾವ" ಎನ್ನುತ್ತಾರೆ. ಅವರ ಹಿರಿಯರು ಕಾಡುಗೆಣಸು ಅಗೆದಾಗ ಬಳ್ಳಿಯ ಬುಡವನ್ನು ಮತ್ತೆ ಮಣ್ಣಿಗೆ ಸೇರಿಸಿ ಬರುತ್ತಿದ್ದರು. ರಾಮಾಯಣದಲ್ಲೂ, ಇಂದ್ರಜಿತುವಿನ ಅಸ್ತ್ರಕ್ಕೆ ಸೇನೆ ಬಿದ್ದಾಗ ತಂದ ಬೆಟ್ಟವನ್ನು ಹನುಮಂತ ಕೆಲಸ ಮುಗಿದ ಮೇಲೆ ಇದ್ದ ಜಾಗದಲ್ಲೇ ಇಟ್ಟು ಬಂದನೆಂದು ವಾಲ್ಮೀಕಿ ಹೇಳುತ್ತಾನೆ. ಎಷ್ಟು ಬೇಕೋ ಅಷ್ಟು ತೆಗೆದುಕೋ, ಉಳಿದದ್ದನ್ನು ಬಿಟ್ಟು ಬಾ.

ಆದ್ದರಿಂದ ಯಾತ್ರಿಕರಲ್ಲಿ ಒಂದು ಅರಿಕೆ. 2011ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುವ ಈ ಕಾಡಿನಲ್ಲಿ ಗಿಡ, ಬೇರು ಕೀಳಬೇಡಿ. ಹೆಸರು ಹೇಳದ ಪುಡಿಯನ್ನು ಕೊಳ್ಳಬೇಡಿ. ನಾಟಿ ಮದ್ದು ತೆಗೆದುಕೊಳ್ಳುತ್ತಿದ್ದರೆ ನಿಮ್ಮ ಡಾಕ್ಟರಿಗೆ ಮುಚ್ಚಿಡಬೇಡಿ. ಮದ್ದು ಕೊಡುವವರನ್ನು ಒಂದೇ ಒಂದು ಪ್ರಶ್ನೆ ಕೇಳಿ: "ಯಾವ ಕಾಯಿಲೆ ನಿಮ್ಮ ಕೈಲಿ ಆಗಲ್ಲ?" ಎಲ್ಲವೂ ಆಗುತ್ತದೆ ಎಂದರೆ ಕೈ ಮುಗಿದು ಎದ್ದು ಬನ್ನಿ. ಇದು ಆಗಲ್ಲ ಎಂದು ಹೇಳುವವರು ಸಿಕ್ಕರೆ ಅವರಿಗೆ ನಮಸ್ಕಾರ ಮಾಡಿ. ಕೈಗುಣ ಅಂಥ ಕೈಯಲ್ಲಿರುತ್ತದೆ.

ಸ್ವಾಮಿಯ ಕೃಪೆಯಿಂದ ಎಲ್ಲರಿಗೂ ಆರೋಗ್ಯವೂ, ಅದಕ್ಕಿಂತ ಮೊದಲು ವಿವೇಕವೂ ದೊರೆಯಲಿ.